ಜೋಂಗಾ ಮನೆಗೆ ಬಂದ ಮೇಲೆ: ಇಪ್ಪತ್ತೆರಡು ತಿಂಗಳ ಲೆಕ್ಕ

2025ರ ಆಗಸ್ಟ್ ಕೊನೆಯ ವಾರ ನನ್ನ ಜೋಂಗಾದ, ಅಂದರೆ ಸೇನೆಯಲ್ಲಿದ್ದ ಹಳೆಯ ಜೀಪಿನ, ಆರ್‌ಸಿ (ನೋಂದಣಿ ಪತ್ರ) ಅಂಚೆಯಲ್ಲಿ ಬಂತು. ಗಾಡಿ ಕೊಂಡದ್ದು 2023ರ ನವೆಂಬರ್‌ನಲ್ಲಿ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಸ್ವಲ್ಪ ಮುಂಚೆ. ನಡುವೆ ಎರಡು ಮಳೆಗಾಲ, ಎರಡು ಕಾಫಿ ಕೊಯ್ಲು ಮುಗಿದವು. ಇಷ್ಟು ದಿನ ಹಿಡಿಯಲು ಗಾಡಿಯ ವಯಸ್ಸಿಗಿಂತ ನನ್ನ ತಿಳಿವಳಿಕೆಯ ಕೊರತೆಯೇ ಹೆಚ್ಚು ಕಾರಣ. ನಾನು ಕೇಳಿದ ಪ್ರಶ್ನೆಗಳನ್ನೇ ಕೊಡಗಿನಲ್ಲಿ ಇನ್ನೂ ಹಲವರು ಕೇಳುತ್ತಿರುವುದನ್ನು ಕಂಡು ಇದನ್ನು ಬರೆಯಲು ಕುಳಿತೆ.

ಅಪ್ಪ ಸೇನೆಯ ಸರಬರಾಜು ವಿಭಾಗದಲ್ಲಿ ಚಾಲಕರಾಗಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಅವರು ಓಡಿಸಿದ್ದು ಹೆಚ್ಚಾಗಿ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ 1959ರಿಂದ ತಯಾರಾದ ಲಾರಿ ಅದು. ನನಗೂ ಶಕ್ತಿಮಾನ್ ಬೇಕೆಂಬ ಆಸೆ ಇತ್ತು. ಆದರೆ ಅದಕ್ಕೆ ಬೇಕಾದ ಶೆಡ್ಡು ನಮ್ಮಲ್ಲಿರಲಿಲ್ಲ, ತೋಟದ ಒಳದಾರಿಯಲ್ಲಿ ಅದು ತಿರುಗುವುದೂ ಇಲ್ಲ. ಅದೇ ಊರಿನಲ್ಲಿ ತಯಾರಾದ ಜೋಂಗಾ ನಮ್ಮ ಅಳತೆಗೆ ಸರಿಹೊಂದುತ್ತಿತ್ತು. ನಿಸ್ಸಾನ್ ಪ್ಯಾಟ್ರೋಲ್ ಎಂಬ ಜಪಾನಿ ಜೀಪಿನ ಭಾರತೀಯ ರೂಪ ಜೋಂಗಾ. ಜಬಲ್ಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಇಟ್ಟರು. ಆರು ಸಿಲಿಂಡರು, 3956 ಸಿಸಿಯ ಪೆಟ್ರೋಲ್ ಎಂಜಿನ್, ಮೂರೇ ಮೂರು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ಮೊದಲು ಸೇನೆಯ ಹರಾಜಿನಲ್ಲೇ ಕೊಳ್ಳೋಣವೆಂದು ಹೊರಟೆ. ವಿಲೇವಾರಿ ಹರಾಜುಗಳು ಈಗ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಜಾಲತಾಣದಲ್ಲಿ ನಡೆಯುತ್ತವೆ. ಹೆಸರು ನೋಂದಾಯಿಸಿ ಎರಡು ತಿಂಗಳು ಪಟ್ಟಿಗಳನ್ನು ನೋಡಿದೆ. ನನ್ನ ಕಣ್ಣಿಗೆ ಬಿದ್ದ ಗಾಡಿಗಳೆಲ್ಲ ಹತ್ತು ಹದಿನೈದರ ಲಾಟಿನಲ್ಲಿದ್ದವು. ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ, ಹೇಳಿದ ದಿನದೊಳಗೆ ಎತ್ತಿಕೊಂಡು ಹೋಗಬೇಕು. ಒಂದೇ ಗಾಡಿ ಬೇಕಾದವನಿಗೆ ಆ ದಾರಿಯಲ್ಲ. ಮೇಲಾಗಿ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳನ್ನು ನೋಂದಾಯಿತ ಗುಜರಿ ಕೇಂದ್ರಗಳಿಗೆ ಕಳುಹಿಸುವ ನಿಯಮ ಬಂದಿದೆ. ಸೇನೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದ್ದರೂ ಹವ್ಯಾಸಿಗಳಿಗೆ ಹಳೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಈಗಾಗಲೇ ನಾಗರಿಕ ನೋಂದಣಿಯಾಗಿರುವ ಗಾಡಿಯನ್ನೇ ಹುಡುಕಿ.

ನನಗೆ ಅದು ಸಿಕ್ಕಿದ್ದು ಕೇರಳದ ಒಂದು ರಬ್ಬರ್ ತೋಟದಲ್ಲಿ. 1986ರ ಗಾಡಿ. ಹನ್ನೊಂದು ವರ್ಷದಿಂದ ಶೆಡ್ಡಿನಲ್ಲಿ ನಿಂತಿತ್ತು. ಚಕ್ರಗಳು ಮಣ್ಣಿನಲ್ಲಿ ಅರ್ಧ ಹೂತಿದ್ದವು, ಬಾನೆಟ್ಟಿನೊಳಗೆ ಇಲಿಗಳು ಗೂಡು ಕಟ್ಟಿದ್ದವು. ಬಗ್ಗಿ ಅಡಿಯಲ್ಲಿ ನೋಡಿದಾಗ ಹಿಂದಿನ ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗೇರುಗಳ ಉಂಡೆ) ಮೇಲೆ ಬಿಳಿ ಬಣ್ಣ ಇನ್ನೂ ಉಳಿದಿತ್ತು. ಸೇನೆಯ ಗಾಡಿಗಳು ರಾತ್ರಿ ಸಾಲಿನಲ್ಲಿ ಹೋಗುವಾಗ ದೊಡ್ಡ ದೀಪಗಳನ್ನು ಆರಿಸಿ, ಆ ಬಿಳಿ ಉಂಡೆಗೆ ಮಾತ್ರ ಸಣ್ಣ ದೀಪ ಬಿಡುತ್ತಾರೆ. ಹಿಂದಿನ ಚಾಲಕನಿಗೆ ಅದೇ ಗುರುತು. ಎಷ್ಟೋ ರಾತ್ರಿ ಆ ಬಿಳಿ ಉಂಡೆಯನ್ನೇ ನೋಡುತ್ತಾ ಗಾಡಿ ಓಡಿಸಿದ್ದೇನೆ ಎಂದು ಅಪ್ಪ ನನ್ನ ಬಾಲ್ಯದಲ್ಲಿ ಹೇಳುತ್ತಿದ್ದರು. ಅದನ್ನು ಕಂಡ ಮೇಲೆ ಚೌಕಾಸಿ ಮಾಡುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. 2,40,000 ರೂಪಾಯಿ ಕೊಟ್ಟೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಹಣ ಕೊಡುವ ಮೊದಲು ಸೇನೆಯಿಂದ ಮಾರಾಟವಾದಾಗ ಕೊಟ್ಟ ಮೂಲ ಮಾರಾಟ ಪತ್ರ ಇದೆಯೇ ಎಂದು ಕೇಳಿದೆ. ಮಾಜಿ ಸೇನಾ ವಾಹನವನ್ನು ಮೊದಲ ಸಲ ನೋಂದಾಯಿಸುವಾಗ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ನಮೂನೆ 21 ಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಮಾಲೀಕರು ಕಬ್ಬಿಣದ ಪೆಟ್ಟಿಗೆಯಿಂದ ಅದರ ಪ್ರತಿಯನ್ನು, ಕೈಬರಹದ ಹಳೆಯ ಆರ್‌ಸಿ ಪುಸ್ತಕವನ್ನು ತೆಗೆದುಕೊಟ್ಟರು. ಆ ಎರಡು ಕಾಗದಗಳು ಇಲ್ಲದಿದ್ದರೆ ಇವತ್ತು ನನ್ನ ಶೆಡ್ಡಿನಲ್ಲಿ ಇರುತ್ತಿದ್ದದ್ದು ಒಂದೂವರೆ ಟನ್ ಕಬ್ಬಿಣ ಅಷ್ಟೆ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಕಾಗದ ಇಲ್ಲದ ಗಾಡಿಯನ್ನು ಮುಟ್ಟಬೇಡಿ.

ಮಾಕುಟ್ಟ ಘಾಟಿಯ ಮೂಲಕ ವಿರಾಜಪೇಟೆಗೆ ತರಲು ಸಾಗಣೆ ಲಾರಿಗೆ 14,000 ರೂಪಾಯಿ. ಘಾಟಿಯ ತಿರುವುಗಳಲ್ಲಿ ಕಟ್ಟಿದ ಸರಪಳಿ ಕಿರುಗುಟ್ಟಿದಾಗಲೆಲ್ಲ ನನ್ನ ಎದೆ ಹಿಡಿದಂತಾಗುತ್ತಿತ್ತು. ಮನೆಯಂಗಳದಲ್ಲಿ ಇಳಿಸಿದಾಗ ಕತ್ತಲಾಗಿತ್ತು. ಅಪ್ಪ ಟಾರ್ಚ್ ಹಿಡಿದು ಒಂದು ಸುತ್ತು ಬಂದರು. ಬ್ರೇಕ್ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿದರು, ಅದು ನೆಲಕ್ಕೆ ಹೋಯಿತು. “ಎಂಜಿನ್ನಿಗೆ ಕೈ ಹಾಕಬೇಡ. ಮೊದಲು ಇದನ್ನು ನಿಲ್ಲಿಸುವ ದಾರಿ ನೋಡು” ಎಂದರು.

ನಾನು ಅವರ ಮಾತನ್ನು ಕೇಳಲಿಲ್ಲ. ಹನ್ನೊಂದು ವರ್ಷ ಮಲಗಿದ ಎಂಜಿನ್ನಿನ ಸದ್ದು ಕೇಳುವ ಆತುರ ನನಗೆ. ಅದು ತಪ್ಪೆಂದು ಬೇಗನೇ ತಿಳಿಯಿತು. ಡಿಸೆಂಬರ್ ಮೊದಲ ವಾರ ಹೊಸ ಬ್ಯಾಟರಿ ಜೋಡಿಸಿ, ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಎಣ್ಣೆ ಬಿಟ್ಟು, ಮೂರು ದಿನ ಬಿಟ್ಟು ಕೈಯಿಂದ ತಿರುಗಿಸಿದೆ. ತಿರುಗಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋದ ಪಾಯಿಂಟ್ ಉಜ್ಜಿ, ಕಂಡೆನ್ಸರ್ ಬದಲಿಸಿ, ಬಾಟಲಿಯಿಂದ ನೇರವಾಗಿ ಕಾರ್ಬುರೇಟರಿಗೆ ಪೆಟ್ರೋಲ್ ಕೊಟ್ಟು ಸೆಲ್ಫ್ ಹೊಡೆದೆ. ನಾಲ್ಕನೆಯ ಸಲಕ್ಕೆ ಹಿಡಿಯಿತು. ಆ ಸಂತೋಷದಲ್ಲಿ ಗೇರ್ ಹಾಕಿ ಹತ್ತು ಅಡಿ ಮುಂದೆ ತಂದೆ. ಅಂಗಳದ ಇಳಿಜಾರು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮರೆತಿದ್ದೆ. ಗಾಡಿ ಕಾಫಿ ಒಣಗಿಸುವ ಕಣದ ಕಟ್ಟೆಗೆ ಗುದ್ದಿ ನಿಂತಿತು. ಹಿಂದಿನ ದಿನ ಅದೇ ಜಾಗದಲ್ಲಿ ಕೆಲಸದವರ ಮಕ್ಕಳು ಆಡುತ್ತಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬ್ರೇಕ್ ಪೂರ್ತಿ ಮುಗಿಯುವವರೆಗೆ ಕೀಲಿ ಅಪ್ಪನ ಬಳಿ ಇತ್ತು.

ಕಾಫಿ ಕೊಯ್ಲು ಮುಗಿಯುವವರೆಗೆ ತೋಟದ ಮಂದಿಗೆ ಬೇರೆ ಯಾವುದಕ್ಕೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಹೂಮಳೆಗೆ ಕಾಯುತ್ತಿದ್ದ ದಿನಗಳಲ್ಲಿ ಮತ್ತೆ ಕೈ ಹಾಕಿದೆ. ಗೋಣಿಕೊಪ್ಪದಲ್ಲಿ ನಲವತ್ತು ವರ್ಷದಿಂದ ಜೀಪು ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಇಕ್ಕ ಎಂದೇ ಕರೆಯುತ್ತಾರೆ. ಭಾನುವಾರಗಳಂದು ಬರಲು ಒಪ್ಪಿದರು. ಚಕ್ರ ಬಿಚ್ಚುವಾಗಲೇ ಮೊದಲ ಪಾಠ. ಎಡಬದಿಯ ನಟ್ಟುಗಳು ಎಷ್ಟು ಒತ್ತಿದರೂ ಅಲುಗಲಿಲ್ಲ. ನಾನು ಸ್ಪ್ಯಾನರಿಗೆ ಕೊಳವೆ ತೂರಿಸಿ ಜಗ್ಗಲು ಹೊರಟಾಗ ಇಕ್ಕ ತಡೆದು, ಬೋಲ್ಟಿನ ತುದಿಯನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. ಅಲ್ಲಿ ಇಂಗ್ಲಿಷ್ ಎಲ್ ಅಕ್ಷರ ಕೊರೆದಿತ್ತು. ಹಳೆಯ ಸೇನಾ ಗಾಡಿಗಳಲ್ಲಿ ಎಷ್ಟೋ ಕಡೆ ಎಡಚಕ್ರದ ಬೋಲ್ಟಿನ ತಿರುಪು ಸುತ್ತು ತಿರುಗುಮುರುಗು ಇರುತ್ತದೆ. ನಾನು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಿದ್ದೆ. ಇನ್ನೆರಡು ಸಲ ಜಗ್ಗಿದ್ದರೆ ಬೋಲ್ಟ್ ಮುರಿಯುತ್ತಿತ್ತು.

ನಾಲ್ಕೂ ಚಕ್ರಗಳ ಬ್ರೇಕ್ ಸಿಲಿಂಡರುಗಳು ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದವು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆನಾಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಇದ್ದೇ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸ ಸಿಲಿಂಡರು ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ. ಸಿಕ್ಕಿದ್ದು ಎರಡೇ. ಉಳಿದವನ್ನು ಮೈಸೂರಿನ ಲೇತ್ ಅಂಗಡಿಯಲ್ಲಿ ಕೊರೆಸಿ, ಸ್ಟೇನ್‌ಲೆಸ್ ಉಕ್ಕಿನ ಒಳಕೊಳವೆ ಕೂರಿಸಿ ಮೂಲ ಅಳತೆಗೆ ತಂದೆವು. ಈ ಕೆಲಸದಲ್ಲಿ ಕಲಿತ ಒಂದು ವಿಷಯ ಹಣ ಉಳಿಸುತ್ತದೆ: ಅಂಗಡಿಗೆ ಹೋಗಿ ಜೋಂಗಾದ ಸಾಮಾನು ಕೊಡಿ ಎನ್ನಬೇಡಿ. ಇಲ್ಲ ಎನ್ನುತ್ತಾರೆ, ಇಲ್ಲವೇ ಮೂರು ಪಟ್ಟು ಬೆಲೆ ಹೇಳುತ್ತಾರೆ. ಬೇರಿಂಗ್ ಮೇಲೆ ನಂಬರ್ ಇರುತ್ತದೆ. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ ಸಾಕು. ರಬ್ಬರ್ ಕಪ್ ಕೂಡ ಅಳತೆಯ ಮೇಲೆ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಒಂದು ಸೀಲಿಗೆ ಒಬ್ಬರು 1,100 ರೂಪಾಯಿ ಕೇಳಿದ್ದರು. ಅಳತೆ ಹೇಳಿದಾಗ ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ 140ಕ್ಕೆ ಸಿಕ್ಕಿತು.

ಬ್ರೇಕಿನ ಒಟ್ಟು ಖರ್ಚು 31,000. ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದೂ ಅದರಲ್ಲಿ ಸೇರಿದೆ. ಅಪ್ಪ ಪೆಡಲ್ ಒತ್ತುತ್ತಿದ್ದರು, ನಾನು ಕೆಳಗೆ ಮಲಗಿ ದೂರದ ಚಕ್ರದಿಂದ ಶುರುಮಾಡಿ ಒಂದೊಂದಾಗಿ ಗಾಳಿ ಬಿಡುತ್ತಾ ಬಂದೆ. ಕೊನೆಯ ಚಕ್ರ ಮುಗಿದಾಗ ಅವರು ಏನೂ ಹೇಳದೆ ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟು ಒಳಗೆ ಹೋದರು.

ಮಳೆಗಾಲದ ಮೊದಲು ಮುಂಚಕ್ರಗಳ ಕೆಲಸ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಮುಂಚಕ್ರ ತಿರುಗುವ ಜಾಗದಲ್ಲಿ ಗುಂಡನೆಯ ಉಕ್ಕಿನ ಬುರುಡೆಯೊಂದು ಇರುತ್ತದೆ, ಅದರೊಳಗೆ ಚಕ್ರ ತಿರುಗಿಸುವ ಕೀಲು. ಬುರುಡೆಯನ್ನು ಒರೆಸುತ್ತಾ ನೀರು ತಡೆಯುವುದು ಉಣ್ಣೆಯ ಫೆಲ್ಟ್ ಪಟ್ಟಿ. ನನ್ನ ಗಾಡಿಯಲ್ಲಿ ಆ ಪಟ್ಟಿ ಇದ್ದ ಗುರುತೂ ಉಳಿದಿರಲಿಲ್ಲ. ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯಂತಹ ದ್ರವ ಅರ್ಧ ಬಕೆಟ್ ಬಂತು. ಎಣ್ಣೆಯಲ್ಲಿ ನೀರು ಬೆರೆತರೆ ಆ ಬಣ್ಣ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ಗಳಲ್ಲೂ ಅದೇ. ಆಕ್ಸಲಿನ ಗಾಳಿಕಿಂಡಿ ಮಣ್ಣು ಕಟ್ಟಿ ಮುಚ್ಚಿದ್ದರೆ, ಬಿಸಿಯಾದ ಆಕ್ಸಲ್ ತೊರೆಯಲ್ಲಿ ಇಳಿದು ಒಮ್ಮೆಲೇ ತಣ್ಣಗಾದಾಗ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಹೊಳೆ ದಾಟುವವರು ಆ ಕಿಂಡಿಯನ್ನು ವರ್ಷಕ್ಕೊಮ್ಮೆ ತಂತಿ ಹಾಕಿ ಬಿಡಿಸಿದರೂ ಸಾಕು.

ಜೂನ್, ಜುಲೈ, ಕೊಡವರ ಕಕ್ಕಡ ಮಾಸ ಎಲ್ಲ ಕಳೆದವು. ಶೆಡ್ಡಿನ ನೆಲದಲ್ಲಿ ಜಿಗಣೆ, ಬಿಚ್ಚಿಟ್ಟ ಸಾಮಾನಿನ ಮೇಲೆ ಒಂದೇ ರಾತ್ರಿಗೆ ಕೆಂಪು ತುಕ್ಕು. ಮಳೆಗಾಲದಲ್ಲಿ ಬಿಚ್ಚುವ ಕೆಲಸ ಮಾಡಲೇಬಾರದು. ಮಾಡಿದರೆ ಪ್ರತಿ ಭಾಗಕ್ಕೂ ಗ್ರೀಸ್ ಬಳಿದು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬದಲ್ಲಿ ಹೆಸರು ಬರೆದಿಡಿ. ನಾನು ಹೆಸರು ಬರೆಯದ ಒಂದು ಡಬ್ಬದ ತೆಳು ತಗಡುಗಳು ಎಲ್ಲಿಯವೆಂದು ಕಂಡುಹಿಡಿಯಲು ಒಂದು ತಿಂಗಳು ಬೇಕಾಯಿತು. ಸ್ಟಿಯರಿಂಗ್ ಪಿನ್ನಿನ ಬೇರಿಂಗ್ ಬಿಗಿ ಹೊಂದಿಸುವ ತಗಡುಗಳು ಅವು.

ಎಂಜಿನ್ ಕೆಲಸ ಆಮೇಲಿನದು. ಆರರಲ್ಲಿ ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಬಹಳ ಕಡಿಮೆ ಇತ್ತು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ಗಳು ತಮ್ಮ ಸೀಟಿನೊಳಗೆ ಹೂತಿದ್ದವು. ಆ ಕಾಲದ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗೆ ತಕ್ಕಂತೆ ರೂಪುಗೊಂಡವು. ಸೀಸವೇ ವಾಲ್ವ್ ಸೀಟಿಗೆ ರಕ್ಷೆಯಾಗಿತ್ತು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಗಟ್ಟಿ ಸೀಟುಗಳನ್ನು ಕೂರಿಸಿ, ಹೆಡ್ ಮಟ್ಟ ಮಾಡಿಸಿ, ಪ್ಯಾಕಿಂಗ್ ಎಲ್ಲ ಹೊಸದು ಹಾಕುವಾಗ 38,000 ಮುಗಿಯಿತು. ಡೀಸೆಲ್ ಎಂಜಿನ್ ಕೂರಿಸು ಎಂದು ಸಲಹೆ ಕೊಟ್ಟವರು ಹತ್ತು ಮಂದಿಯಾದರೂ ಇದ್ದಾರೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿಗೆ ಅದು ಸಹಜವಾದ ಸಲಹೆ. ನಾನು ಒಪ್ಪಲಿಲ್ಲ. ಎಂಜಿನ್ ಬದಲಿಸಿದರೆ ಮೊದಲೇ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು, ಅದು ಒಂದು ಕಾರಣ. ನಿಜವಾದ ಕಾರಣ, ಆ ಆರು ಸಿಲಿಂಡರಿನ ಮೆಲುದನಿ ಹೋದರೆ ಅದು ಜೋಂಗಾ ಆಗಿ ಉಳಿಯುವುದಿಲ್ಲ. ನಾನು ಇದನ್ನು ದಿನಾ ಪೇಟೆಗೆ ಓಡಿಸುವುದಿಲ್ಲ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿಸಿದರೆ ಹೆಚ್ಚು.

ಎಥನಾಲ್ ವಿಷಯ ಇಲ್ಲೇ ಹೇಳುತ್ತೇನೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. 2025ರ ಫೆಬ್ರವರಿಯಲ್ಲಿ ಗಾಡಿ ನಡುರಸ್ತೆಯಲ್ಲಿ ನಿಂತಿತು. ಪಂಪಿನ ಹಳೆಯ ಡಯಾಫ್ರಮ್ ಉಬ್ಬಿತ್ತು, ರಬ್ಬರ್ ಕೊಳವೆ ಒಳಗಿನಿಂದ ಕರಗಿ ಕಪ್ಪು ಚೂರುಗಳು ಕಾರ್ಬುರೇಟರಿನ ಜೆಟ್ಟಿನಲ್ಲಿ ಕುಳಿತಿದ್ದವು. ಎಥನಾಲ್ ತಡೆಯುವ ಕೊಳವೆ ಕೇಳಿ ತನ್ನಿ, ಟ್ಯಾಂಕಿನ ತುಕ್ಕು ತೆಗೆಸಿ, ಕೊಳವೆಯ ನಡುವೆ ಪಾರದರ್ಶಕ ಫಿಲ್ಟರ್ ಹಾಕಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ. ಎಥನಾಲ್ ನೀರನ್ನು ಎಳೆಯುತ್ತದೆ, ನಮ್ಮ ಗಾಳಿಯಲ್ಲಿ ನೀರಿಗೆ ಬರವಿಲ್ಲ.

ಇನ್ನು ಕಾಗದ. ರಿಪೇರಿ ಮಾಡುವಾಗ ಮೈ ನೋಯುತ್ತದೆ, ಕಾಗದಕ್ಕೆ ಕಾಯುವಾಗ ಮನಸ್ಸು ಸೋಲುತ್ತದೆ. ಬೇರೆ ರಾಜ್ಯದ ಗಾಡಿಯಾದ್ದರಿಂದ ಮೊದಲು ಅಲ್ಲಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಅರ್ಜಿ ಹಾಕಲು ಹೋದರೆ ಗಣಕದಲ್ಲಿ ಗಾಡಿಯೇ ಇಲ್ಲ. ಕೈಬರಹದ ಆರ್‌ಸಿಯ ಕಾಲದ ವಾಹನ, ವಾಹನ್ ಎಂಬ ಸರ್ಕಾರಿ ಗಣಕ ಜಾಲಕ್ಕೆ ಸೇರಿಯೇ ಇರಲಿಲ್ಲ. ಹಳೆಯ ದಾಖಲೆ ಪುಸ್ತಕ ಹುಡುಕಿ ಅದರ ವಿವರವನ್ನು ಗಣಕಕ್ಕೆ ಸೇರಿಸುವ ಬ್ಯಾಕ್‌ಲಾಗ್ ನಮೂದು ಮಾಡುವವರೆಗೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಅದಕ್ಕೆ ಐದು ತಿಂಗಳು ಹಿಡಿಯಿತು. ನಾಲ್ಕು ಸಲ ಘಾಟಿ ಇಳಿದು ಹತ್ತಿದೆ. ಮೂರನೆಯ ಸಲ ಹಳೆಯ ಮಾಲೀಕರು ತಾವೇ ಜೊತೆಗೆ ಬಂದು ಇಡೀ ದಿನ ಬೆಂಚಿನ ಮೇಲೆ ಕುಳಿತರು. ಎಪ್ಪತ್ತು ದಾಟಿದವರು, ಮಾರಿದ ಮೇಲೆ ಅವರಿಗೆ ಆ ಕಷ್ಟ ಬೇಕಿರಲಿಲ್ಲ. ಅವರ ಋಣ ನನ್ನ ಮೇಲಿದೆ. ಗಾಡಿ ಕೊಳ್ಳುವ ಮೊದಲೇ ಅದರ ಸಂಖ್ಯೆಯನ್ನು ಮೊಬೈಲಿನಲ್ಲಿ ಹಾಕಿ ವಿವರ ಬರುತ್ತದೆಯೇ ನೋಡಿ. ಬಾರದಿದ್ದರೆ ಆ ಕೆಲಸ ಮುಗಿಸಿಕೊಡುವುದಾಗಿ ಮಾರುವವರಿಂದ ಬರೆಸಿಕೊಂಡು, ಸ್ವಲ್ಪ ಹಣ ಉಳಿಸಿಕೊಳ್ಳಿ.

ನಿರಾಕ್ಷೇಪಣಾ ಪತ್ರ ಬಂದ ಮೇಲೆ ಇಲ್ಲಿ ಹೊಸ ಸಂಖ್ಯೆಗೆ ನಮೂನೆ 27, ಮಾಲೀಕತ್ವ ವರ್ಗಾವಣೆಗೆ 29 ಮತ್ತು 30, ಹದಿನೈದು ವರ್ಷ ಮೀರಿದ್ದರಿಂದ ನೋಂದಣಿ ನವೀಕರಣಕ್ಕೆ 25. ಜೊತೆಗೆ ಗಾಡಿ ಕಳವಿನದ್ದಲ್ಲ ಎಂಬ ವರದಿ, ವಿಮೆ, ಹೊಗೆ ತಪಾಸಣೆ ಪತ್ರ, ತೆರಿಗೆ, ಹಸಿರು ತೆರಿಗೆ. ವಿಂಟೇಜ್ ವಾಹನವೆಂದು ನೋಂದಾಯಿಸಬಹುದಲ್ಲವೇ ಎಂದು ಅನೇಕರು ಕೇಳಿದರು. 2021ರಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ದಿನನಿತ್ಯ ಓಡಿಸಲು ಅವಕಾಶವಿಲ್ಲ. ನನ್ನ ಗಾಡಿ ಅದಕ್ಕೆ ಇನ್ನೂ ಚಿಕ್ಕದು.

ಅರ್ಜಿ ಸಲ್ಲಿಸಿದ ಮೇಲೆ ಎರಡು ಎಡವಟ್ಟುಗಳು ಬಂದವು. ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ತೆಗೆಯುವಾಗ ಏನೂ ಮೂಡಲಿಲ್ಲ. ನಲವತ್ತು ವರ್ಷದ ಬಣ್ಣದ ಪದರ ಅದರ ಮೇಲಿತ್ತು. ಉಕ್ಕಿನ ಬ್ರಷ್ಷಿನಲ್ಲಿ ಉಜ್ಜಬೇಡಿ, ಅಂಕಿಯೇ ಅಳಿದರೆ ಗಾಡಿಯ ಕತೆ ಮುಗಿಯಿತು. ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆದೆ. ಆಗ ಮೂಡಿದ ಸಂಖ್ಯೆಗೂ ವಿಮೆಯ ಕಾಗದಕ್ಕೂ ಒಂದು ಅಂಕಿ ವ್ಯತ್ಯಾಸ. ಆರ್‌ಸಿಯಲ್ಲಿ 8 ಎಂದು ಸರಿಯಾಗಿಯೇ ಇತ್ತು, ವಿಮೆ ಮಾಡಿಸಿಕೊಟ್ಟವರು 3 ಎಂದು ತುಂಬಿದ್ದರು. ಆ ಒಂದು ಅಂಕಿಗೆ ಮೂರು ವಾರ ಹೋಯಿತು. ಪಾಲಿಸಿ ಕೈಗೆ ಬಂದ ದಿನವೇ ಚಾಸಿಯ ಬಳಿ ಕುಳಿತು ಬೆರಳಿಟ್ಟು ಓದಿ.

ಎರಡನೆಯದು ಬಣ್ಣ. ಗಾಡಿ ಬರುವಾಗ ಸೇನೆಯ ಹಸಿರಿನಲ್ಲೇ ಇತ್ತು. ಆರ್‌ಸಿಯಲ್ಲಿ ನೀಲಿ ಎಂದಿತ್ತು. ಸೇನೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ, ಕೇಂದ್ರದ ನಿಯಮ 121 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನೀಲಿ ಹಚ್ಚಿಸಬೇಕು ಎಂದು ಅಪ್ಪನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಅವರಿಗೆ ನೋವಾಗುತ್ತದೆ ಎಂದುಕೊಂಡಿದ್ದೆ. ಅವರು ಕೇಳಿ, “ಸರಿಯಲ್ಲವೇ? ಆ ಬಣ್ಣ ಕೆಲಸದಲ್ಲಿ ಇರುವವರದು. ನಾನೂ ಸಮವಸ್ತ್ರ ಬಿಚ್ಚಿಟ್ಟು ಬಂದವನೇ” ಎಂದರು. ಏಪ್ರಿಲ್‌ನ ಬಿಸಿಲಿನಲ್ಲಿ ಟಿಂಕರಿಂಗ್ ಮತ್ತು ಬಣ್ಣ ಸೇರಿ 46,000 ಆಯಿತು. ಹಿಂದಿನ ಡಿಫರೆನ್ಷಿಯಲ್‌ನ ಬಿಳಿಯನ್ನು ಮಾತ್ರ ನಾನೇ ಸಣ್ಣ ಬ್ರಷ್ಷಿನಿಂದ ಹಚ್ಚಿದೆ.

ಮೇ ತಿಂಗಳಲ್ಲಿ ತಪಾಸಣೆಗೆ ಕೊಂಡೊಯ್ದೆ. ದೀಪ, ಹಾರ್ನ್, ವೈಪರ್, ಬ್ರೇಕ್ ಎಲ್ಲ ಸರಿ. ಕೊನೆಯಲ್ಲಿ ಇನ್ಸ್‌ಪೆಕ್ಟರರು ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದರು. ಗಾಡಿ ನಿಧಾನವಾಗಿ ಹಿಂದಕ್ಕೆ ಜಾರಿತು. ಜೋಂಗಾದ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಸಣ್ಣ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿನ ಸೀಲ್ ಸೋರಿ ಡ್ರಮ್ಮಿಗೆ ಎಣ್ಣೆ ಇಳಿದಿತ್ತು. ಅವರು ಅನುತ್ತೀರ್ಣ ಎಂದು ಬರೆದರು, ನ್ಯಾಯವಾಗಿಯೇ ಬರೆದರು. ಕೊಡಗಿನಲ್ಲಿ ಸಮತಟ್ಟಾದ ನೆಲ ಎಲ್ಲಿದೆ? ಮಡಿಕೇರಿಯಿಂದ ಹಿಂದಿರುಗುವಾಗ ನಾನೂ ಇಕ್ಕನೂ ಮಾತಾಡಲಿಲ್ಲ. 140 ರೂಪಾಯಿಯ ಅದೇ ಸೀಲನ್ನು ನಾನು ಅವಸರದಲ್ಲಿ ಓರೆಯಾಗಿ ಕೂರಿಸಿದ್ದೆ. ಸರಿಪಡಿಸುವಷ್ಟರಲ್ಲಿ ಮಳೆ ಹಿಡಿಯಿತು, ಮರುತಪಾಸಣೆ ಜುಲೈಗೆ ಹೋಯಿತು. ಆ ದಿನ ಸುರಿಯುವ ಮಳೆಯಲ್ಲೇ ಗಾಡಿ ಅದೇ ಏರಿನಲ್ಲಿ ಅಲುಗದೆ ನಿಂತಿತು.

ಆಮೇಲಿನದು ಕಾಯುವುದಷ್ಟೇ. ಒಟ್ಟು ಖರ್ಚು, ಗಾಡಿಯ ಬೆಲೆ, ಐದು ಟೈರು, ತೆರಿಗೆ, ಓಡಾಟ ಎಲ್ಲ ಸೇರಿ, 5,20,000 ರೂಪಾಯಿಗೆ ಹತ್ತಿರ. ನಾನು ಅಂದುಕೊಂಡಿದ್ದು ಮೂರೂವರೆ ಲಕ್ಷ.

ಸೆಪ್ಟೆಂಬರ್ 3ರಂದು ಕೈಲ್ ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಕೋವಿಗಳನ್ನು ಒರೆಸಿ ನೆಲ್ಲಕ್ಕಿಯ (ಮನೆಯ ನಡುಕೋಣೆಯ) ದೀಪದ ಮುಂದೆ ಇಟ್ಟು, ತೋಕ್ ಪೂ ಎಂಬ ಕೋವಿಯ ಹೂವು ಸಿಕ್ಕಿಸಿ ಪೂಜೆ ಮಾಡಿದೆವು. ಉಳಿದ ಒಂದು ಹೂವನ್ನು ಅಪ್ಪ ಜೋಂಗಾದ ಬಾನೆಟ್ಟಿನ ಕೊಂಡಿಗೆ ಸಿಕ್ಕಿಸಿದರು. ಕಡಂಬುಟ್ಟು (ಅಕ್ಕಿತರಿಯ ಉಂಡೆ), ಹಂದಿಕರಿಯ ಊಟ ಮುಗಿದ ಮೇಲೆ ಕೀಲಿಗೆ ಕೈ ಚಾಚಿದರು. ಎಂಬತ್ತು ಸಮೀಪಿಸಿದ ಕಾಲುಗಳು ಕ್ಲಚ್ಚನ್ನು ಪೂರ್ತಿ ಒತ್ತಲಾರವು ಎಂದುಕೊಂಡಿದ್ದೆ. ಮೊದಲ ಗೇರಿನಲ್ಲೇ ಗೇಟಿನವರೆಗೆ ಹೋಗಿ, ಹಿಂದಕ್ಕೆ ತಂದು, ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಇಳಿದು ಬಂದು ಹಿಂದಿನ ಎಡಚಕ್ರದ ಒಳಬದಿಗೆ ಬೆರಳು ಸವರಿ ನನಗೆ ತೋರಿಸಿದರು. ಬ್ರೇಕ್ ಆಯಿಲ್ ಸ್ವಲ್ಪ ಜಿನುಗುತ್ತಿದೆ. ಈ ಭಾನುವಾರ ಇಕ್ಕನಿಗೆ ಬರಲು ಹೇಳಿದ್ದೇನೆ, ಆ ಚಕ್ರವನ್ನು ಮತ್ತೆ ಬಿಚ್ಚಬೇಕು.